ಮನೆಯ ಬಿಲ್ಲು, ರಸೀದಿ, ಪತ್ರಗಳು: ಯಾವುದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?

ಕಾಗದಪತ್ರಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನಡವಳಿಕೆ ಕಾಣುತ್ತದೆ. ಕೆಲವರು ಇಪ್ಪತ್ತು ವರ್ಷದ ಹಿಂದಿನ ಟೆಲಿಫೋನ್ ಬಿಲ್ಲನ್ನೂ ತಂತಿಗೆ ಚುಚ್ಚಿ ಇಟ್ಟಿರುತ್ತಾರೆ. ಇನ್ನು ಕೆಲವರು ಹಬ್ಬಕ್ಕೆಂದು ಮನೆ ಶುಚಿ ಮಾಡುವಾಗ ಹಳೆಯದಾಗಿ ಕಂಡದ್ದನ್ನೆಲ್ಲ ಒಟ್ಟಿಗೆ ರದ್ದಿಗೆ ಹಾಕುತ್ತಾರೆ. ಇಬ್ಬರೂ ಕಾಗದದ ಮೇಲಿನ ದಿನಾಂಕವನ್ನು ನೋಡಿಯೇ ತೀರ್ಮಾನಿಸುತ್ತಾರೆ, ಅಥವಾ ತೀರ್ಮಾನಿಸುವುದನ್ನೇ ಕೈಬಿಡುತ್ತಾರೆ. ವಾಸ್ತವವಾಗಿ ಒಂದು ಕಾಗದದ ಆಯುಷ್ಯವನ್ನು ನಿರ್ಧರಿಸುವುದು ಅದು ಸೇರಿರುವ ವ್ಯವಹಾರ ಮುಗಿದ ದಿನ. 2009ರಲ್ಲಿ ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿದಾಗ ಬಂದ ಕಬ್ಬಿಣದ ಬಿಲ್ಲು, ಆ ಮನೆಯನ್ನು ಮಾರಿ ತೆರಿಗೆಯ ಲೆಕ್ಕ ಪೂರ್ತಿಯಾಗುವ ತನಕ ಜೀವಂತ. ಕಳೆದ ವಾರದ ದಿನಸಿ ಬಿಲ್ಲು ಸಾಮಾನು ಸರಿಯಿದೆಯೆಂದು ನೋಡಿಕೊಂಡ ಸಂಜೆಗೇ ಮುಗಿಯಿತು.

ಆದ್ದರಿಂದ ಯಾವ ಕಾಗದವನ್ನು ಕೈಗೆತ್ತಿಕೊಂಡರೂ ಮೂರು ವಿಷಯಗಳನ್ನು ಯೋಚಿಸಬೇಕು. ಇದರ ಬಗ್ಗೆ ನನ್ನನ್ನು ಯಾರು ಕೇಳಬಹುದು, ಅಥವಾ ಇದನ್ನು ಹಿಡಿದು ನಾನು ಯಾರನ್ನು ಕೇಳಬೇಕಾಗಬಹುದು? ಹಾಗೆ ಕೇಳುವುದಕ್ಕೆ ಕಾನೂನಿನಲ್ಲಿ ಗಡುವು ಎಷ್ಟು, ಅದು ಯಾವ ದಿನದಿಂದ ಓಡಲು ಶುರುವಾಗುತ್ತದೆ? ಕಳೆದುಹೋದರೆ ನಕಲು ಸಿಗುತ್ತದೆಯೇ, ಸಿಕ್ಕರೆ ಎಲ್ಲಿ? ಮೂರನೆಯದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ, ಆದರೆ ಗಾರೆ ಮೇಸ್ತ್ರಿ ಬರೆದುಕೊಟ್ಟ ರಸೀದಿಯ ನಕಲು ಎಲ್ಲಿಯೂ ಸಿಗುವುದಿಲ್ಲ.

ಸಾಮಾನ್ಯ ಗಡುವನ್ನು ಮೊದಲು ತಿಳಿದಿರುವುದು ಒಳ್ಳೆಯದು. 1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ ಸಾಲ, ಕರಾರು, ಬಾಕಿ ಹಣ ಮುಂತಾದ ಹೆಚ್ಚಿನ ವ್ಯಾಜ್ಯಗಳಿಗೆ 3 ವರ್ಷ, ಖಾಸಗಿ ಸ್ಥಿರಾಸ್ತಿಯ ಸ್ವಾಧೀನದ ವ್ಯಾಜ್ಯಕ್ಕೆ 12 ವರ್ಷ. ಗಡುವು ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿಕೊಂಡರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ಅವನ ಕೈಬರಹದ ಇಲ್ಲವೇ ಸಹಿಯ ದಾಖಲೆ ಉಳಿದರೆ, ಮೂರು ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ. ಕೈಸಾಲ ತೀರಿಸಿದವರು ಪ್ರೋನೋಟನ್ನು ವಾಪಸು ಪಡೆದು, ಅದರ ಮೇಲೆ ಸಂದಾಯವಾಗಿದೆಯೆಂದು ಬರೆಸಿ, ಕನಿಷ್ಠ ನಾಲ್ಕು ವರ್ಷ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಆದಾಯ ತೆರಿಗೆಯ ಕಾಗದಗಳು

ತೆರಿಗೆಯಿಂದ ತಪ್ಪಿಸಿಕೊಂಡ ಆದಾಯವಿದೆಯೆಂದು ಕಂಡುಬಂದರೆ ಹಳೆಯ ವರ್ಷದ ಲೆಕ್ಕವನ್ನು ಮತ್ತೆ ತೆರೆಯುವ ಅಧಿಕಾರ ಇಲಾಖೆಗೆ ಇದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅದಕ್ಕೆ ನೋಟಿಸು ನೀಡುವ ಗಡುವು ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ಹಣಕಾಸು ವರ್ಷದ ಮರುವರ್ಷ) ಮುಗಿದ ಮೇಲೆ 3 ವರ್ಷ 3 ತಿಂಗಳು. ತಪ್ಪಿಹೋದ ಆದಾಯ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ 5 ವರ್ಷ 3 ತಿಂಗಳು. ಮೊದಲು ಇದು 10 ವರ್ಷದವರೆಗೂ ಇತ್ತು. ಉದಾಹರಣೆಗೆ 2023-24ರ ಹಣಕಾಸು ವರ್ಷವನ್ನು ತೆಗೆದುಕೊಂಡರೆ, ಅದರ ಅಸೆಸ್‌ಮೆಂಟ್ ವರ್ಷ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ, ದೀರ್ಘ ಗಡುವು 2030ರ ಜೂನ್ ಕೊನೆಗೆ ಮುಗಿಯುತ್ತದೆ. ಐವತ್ತು ಲಕ್ಷವೆಂದರೆ ನಮಗೆ ಸಂಬಂಧವಿಲ್ಲದ ಮೊತ್ತವೆಂದು ಸಂಬಳದಾರರು ತಿಳಿಯಬಾರದು. ಬೆಂಗಳೂರಿನಲ್ಲಿ ಒಂದು ನಿವೇಶನ ಮಾರಿದ ವರ್ಷ ಯಾರ ಲೆಕ್ಕವೂ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ.

ಇಷ್ಟೆಲ್ಲ ದಿನಾಂಕಗಳನ್ನು ನೆನಪಿನಲ್ಲಿಡುವುದು ಕಷ್ಟವಾದ್ದರಿಂದ, ಹಣಕಾಸು ವರ್ಷ ಮುಗಿದ ದಿನದಿಂದ ಎಂಟು ವರ್ಷ ಎಂದು ಇಟ್ಟುಕೊಂಡರೆ ಸಾಕು, ಒಂದಷ್ಟು ತಿಂಗಳು ಹೆಚ್ಚುವರಿಯಾಗಿಯೇ ಸಿಗುತ್ತವೆ. ಆ ವರ್ಷದ ಒಂದು ರಟ್ಟಿನ ಫೈಲಿನಲ್ಲಿ ಫಾರಂ 16, ಸಲ್ಲಿಸಿದ ರಿಟರ್ನಿನ ಪ್ರತಿ ಮತ್ತು ಅದರ ಸ್ವೀಕೃತಿ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ವಿಮಾ ಕಂತು ಮತ್ತು ಮಕ್ಕಳ ಶಾಲಾ ಶುಲ್ಕದ ರಸೀದಿ, ದೇಣಿಗೆ ರಸೀದಿ, ಮನೆ ಬಾಡಿಗೆಯ ರಸೀದಿ ಇರಲಿ. ವಕೀಲರು, ವೈದ್ಯರು, ಲೆಕ್ಕಪರಿಶೋಧಕರಂಥ ನಿರ್ದಿಷ್ಟ ವೃತ್ತಿಗಳವರು ಲೆಕ್ಕಪುಸ್ತಕಗಳನ್ನು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 6 ವರ್ಷ ಇಡಬೇಕೆಂದು ಆದಾಯ ತೆರಿಗೆ ನಿಯಮ ಹೇಳುತ್ತದೆ. ಜಿಎಸ್‌ಟಿ ನೋಂದಣಿಯಿರುವ ಅಂಗಡಿಯವರಿಗೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು. ಈ ಇಬ್ಬರಿಗೂ ಎಂಟು ವರ್ಷದ ಲೆಕ್ಕ ಹೊಂದುತ್ತದೆ.

ಇದಕ್ಕೆ ಒಂದು ಅಪವಾದವಿದೆ. ಷೇರು ಅಥವಾ ಆಸ್ತಿ ಮಾರಾಟದಲ್ಲಾದ ಬಂಡವಾಳ ನಷ್ಟವನ್ನು 8 ವರ್ಷ ಮುಂದಕ್ಕೆ ಸಾಗಿಸಿ ಲಾಭದಲ್ಲಿ ಕಳೆಯಬಹುದು. ಏಳನೆಯ ವರ್ಷದಲ್ಲಿ ಆ ನಷ್ಟವನ್ನು ಲಾಭದಿಂದ ಕಳೆದು ಲೆಕ್ಕ ಹಾಕಿದವರಿಗೆ ನಷ್ಟವಾದ ವರ್ಷದ ಕಾಗದಗಳ ಎಣಿಕೆ ಆ ಏಳನೆಯ ವರ್ಷದಿಂದ ಮತ್ತೆ ಶುರುವಾಗುತ್ತದೆ.

ಮನೆ, ನಿವೇಶನ, ಜಮೀನು

ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ, ಉಯಿಲು, ಮಂಜೂರಾದ ನಕ್ಷೆ, ಖಾತಾ ಇವುಗಳಿಗೆ ಗಡುವಿಲ್ಲ. ಆಸ್ತಿ ಇರುವವರೆಗೂ ಇವು ಇರಬೇಕು, ಆಸ್ತಿ ಕೈಬಿಟ್ಟರೆ ಹೊಸ ಮಾಲೀಕರ ಜೊತೆ ಹೋಗಬೇಕು, ನಮ್ಮಲ್ಲಿ ನಕಲು ಉಳಿಯಬೇಕು. ಹಳೆಯ ಪತ್ರಗಳನ್ನು ಅವು ಇರಬೇಕಾದವರ ಕೈಯಲ್ಲಿಯೇ ಇಡುವುದಕ್ಕೆ ಕಾನೂನಿನ ಕಾರಣವೂ ಇದೆ. 30 ವರ್ಷ ಹಳೆಯದಾದ ದಾಖಲೆ ಯೋಗ್ಯವಾದ ವಶದಿಂದ ಹಾಜರಾದರೆ ಅದರ ಸಹಿ ಮತ್ತು ಕೈಬರಹವನ್ನು ನಿಜವೆಂದು ನ್ಯಾಯಾಲಯ ಭಾವಿಸಬಹುದೆಂದು ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿದ್ದ ನಿಯಮವು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಅಜ್ಜನ ಕಾಲದ ವಿಭಾಗಪತ್ರ ಸಂಬಂಧವೇ ಇಲ್ಲದ ಯಾರದೋ ಪೆಟ್ಟಿಗೆಯಿಂದ ಹೊರಬಂದರೆ ಆ ಅನುಕೂಲ ದುರ್ಬಲವಾಗುತ್ತದೆ.

ಕಂದಾಯ ರಸೀದಿಗಳನ್ನು ಮಾತ್ರ ಜನ ಧಾರಾಳವಾಗಿ ಎಸೆಯುತ್ತಾರೆ. ಅವನ್ನು ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ, ಆಸ್ತಿ ನಮ್ಮದಾಗಿರುವಷ್ಟು ಕಾಲವೂ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವವರ ಬ್ಯಾಂಕು ಅವನ್ನು ಕೇಳುತ್ತದೆ. ಸ್ಥಳೀಯ ಸಂಸ್ಥೆಯ ಗಡಿ ಬದಲಾಗಿ ಗ್ರಾಮ ಪಂಚಾಯಿತಿಯ ಆಸ್ತಿ ನಗರಸಭೆಗೆ ಅಥವಾ ಪಾಲಿಕೆಗೆ ಸೇರಿದಾಗ ಹಳೆಯ ಸಂಖ್ಯೆಗೂ ಹೊಸ ಸಂಖ್ಯೆಗೂ ಕೊಂಡಿಯಾಗುವುದು ಈ ರಸೀದಿಗಳೇ. ಬೆಂಗಳೂರಿನಲ್ಲಿ ಇ-ಖಾತಾ ಪಡೆಯುವಾಗ ಕ್ರಯಪತ್ರದ ವಿವರ, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಖಾತೆ ಸಂಖ್ಯೆ ಎಲ್ಲವನ್ನೂ ಕೇಳಲಾಗುತ್ತದೆ. ವರ್ಷಕ್ಕೊಂದರಂತೆ ರಸೀದಿ ಜೋಡಿಸಿಟ್ಟವರಿಗೆ ಅದು ಒಂದು ಸಂಜೆಯ ಕೆಲಸ. ಪಹಣಿಯ ವಿಷಯ ಬೇರೆ. ಅದು ಭೂಮಿ ತಂತ್ರಾಂಶದಲ್ಲಿ ಯಾವಾಗ ಬೇಕಾದರೂ ಸಿಗುವುದರಿಂದ ಪ್ರತಿ ವರ್ಷದ ಪ್ರತಿಯನ್ನು ಕೂಡಿಡುವ ಅಗತ್ಯವಿಲ್ಲ, ಆದರೆ ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಇದ್ದರೆ ಅದನ್ನು ಬಿಡಬಾರದು.

ಕಟ್ಟಡದ ಖರ್ಚಿನ ಬಿಲ್ಲುಗಳಿಗೆ ಬರೋಣ. ಮನೆ ಮಾರಿದಾಗ ಬಂದ ಬೆಲೆಯಿಂದ ಕೊಂಡ ಬೆಲೆಯನ್ನೂ ಸುಧಾರಣೆಗೆ ಮಾಡಿದ ಖರ್ಚನ್ನೂ ಕಳೆದು ಉಳಿದದ್ದಕ್ಕೆ ತೆರಿಗೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ 12.5ರ ದರ ಬಂದಿದೆ. ಆ ದಿನಕ್ಕೆ ಮೊದಲು ಕೊಂಡ ಜಮೀನು ಅಥವಾ ಕಟ್ಟಡಕ್ಕೆ, ದೇಶದಲ್ಲಿ ನೆಲೆಸಿರುವ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಹೊಂದಾಣಿಕೆಯೊಂದಿಗೆ ಶೇ 20ರ ಲೆಕ್ಕವನ್ನೂ ನೋಡಿ, ಯಾವುದು ಕಡಿಮೆಯೋ ಅಷ್ಟನ್ನು ಕಟ್ಟಬಹುದು. ಯಾವ ದಾರಿ ಹಿಡಿದರೂ ಖರ್ಚಿನ ಪುರಾವೆ ಬೇಕು. ಮಹಡಿ ಕಟ್ಟಿಸಿದ್ದು, ಕೊಳವೆಬಾವಿ ಕೊರೆಸಿದ್ದು, ಕಾಂಪೌಂಡು ಹಾಕಿಸಿದ್ದು ಸುಧಾರಣೆ; ಸುಣ್ಣಬಣ್ಣ, ನಲ್ಲಿಯ ರಿಪೇರಿ ದಿನನಿತ್ಯದ ನಿರ್ವಹಣೆ, ಅವುಗಳ ಬಿಲ್ಲು ಬೇಡ. ಮೇಸ್ತ್ರಿಗೆ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ಆ ಪುಟದ ಪ್ರತಿಯನ್ನು ಬಿಲ್ಲಿನ ಜೊತೆಗೇ ಸೇರಿಸಿ.

ಇಲ್ಲಿ ಹೊರೆ ಇಳಿಸಿಕೊಳ್ಳುವ ಅವಕಾಶವೂ ಒಂದಿದೆ. 2001ರ ಏಪ್ರಿಲ್ 1ಕ್ಕೆ ಮೊದಲು ಬಂದ ಆಸ್ತಿಗೆ ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಮೌಲ್ಯವನ್ನು ಹಿಡಿಯಬಹುದು, ಆದರೆ ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಹಾಗೆ ಹಿಡಿಯುವವರಿಗೆ 1990ರ ದಶಕದ ಸಿಮೆಂಟು, ಇಟ್ಟಿಗೆ ಬಿಲ್ಲುಗಳಿಂದ ತೆರಿಗೆಯಲ್ಲಿ ಉಪಯೋಗವಿಲ್ಲ. ತಂದೆಯಿಂದ ಅಥವಾ ತಾಯಿಯಿಂದ ಬಂದ ಆಸ್ತಿಯಾದರೆ ಅವರು ಕೊಟ್ಟ ಬೆಲೆಯೇ ನಮ್ಮ ಬೆಲೆಯೆಂದು ಲೆಕ್ಕ, ಆದ್ದರಿಂದ ಅವರ ಕಾಲದ ಪತ್ರಗಳು ನಮಗೆ ಬೇಕು. ಹೊರದೇಶದಲ್ಲಿ ನೆಲೆಸಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವ ತಂದೆಯ ಮನೆಯನ್ನು ಮಾರಲು ಬರುವ ಮಕ್ಕಳು ತಡಕಾಡುವುದು ಸಾಮಾನ್ಯವಾಗಿ ಈ ಪತ್ರಗಳಿಗಾಗಿಯೇ.

ಗೃಹಸಾಲ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕೆಂದೂ, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲ ಕೊಟ್ಟ ಸಂಸ್ಥೆಯೇ ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಅದು 2023ರ ಡಿಸೆಂಬರ್ 1ರಿಂದ ಅನ್ವಯ. ಪತ್ರಗಳನ್ನು ಒಪ್ಪಿಸಿದಾಗ ಬ್ಯಾಂಕು ಕೊಟ್ಟ ಪಟ್ಟಿಯನ್ನು ಸಾಲ ಮುಗಿಯುವವರೆಗೂ ಜೋಪಾನ ಮಾಡಿ, ವಾಪಸು ಪಡೆಯುವಾಗ ಒಂದೊಂದಾಗಿ ತಾಳೆ ನೋಡಬೇಕು. ಸಾಲ ಮುಕ್ತಾಯದ ಪತ್ರವನ್ನು ಆಸ್ತಿಯ ಕಟ್ಟಿನಲ್ಲೇ ಶಾಶ್ವತವಾಗಿ ಇಡಬೇಕು, ಋಣಭಾರ ಪ್ರಮಾಣಪತ್ರದಲ್ಲಿ ಅಡಮಾನದ ನಮೂದು ಇದ್ದರೆ ಅದು ವಜಾ ಆಗಿದೆಯೇ ಎಂದು ನೋಡಬೇಕು. ಸಾಲದ ಪ್ರತಿ ತಿಂಗಳ ಕಂತಿನ ಚೀಟಿಗಳನ್ನು ಮುಕ್ತಾಯಪತ್ರ ಬಂದ ಮೇಲೆ ಬಿಡಬಹುದು; ಬಡ್ಡಿಯ ವಾರ್ಷಿಕ ಪ್ರಮಾಣಪತ್ರಗಳು ಮಾತ್ರ ತೆರಿಗೆಯ ಎಂಟು ವರ್ಷಕ್ಕೆ ಸೇರುತ್ತವೆ.

ಬಾಡಿಗೆದಾರರಿಗೆ ಮುಖ್ಯವಾದದ್ದು ಮುಂಗಡ ಹಣದ ರಸೀದಿ. ಮನೆ ಬಿಟ್ಟು, ಮುಂಗಡ ಪೂರ್ತಿ ಕೈಗೆ ಬಂದು, ಮೂರು ವರ್ಷ ಕಳೆಯುವವರೆಗೆ ಕರಾರುಪತ್ರವನ್ನೂ ಆ ರಸೀದಿಯನ್ನೂ ಇಡಬೇಕು.

ಕರೆಂಟು, ನೀರು, ಗ್ಯಾಸು

ಕರೆಂಟು ಬಿಲ್ಲಿಗೆ ಎರಡು ವರ್ಷವೆಂಬ ಗಡುವು ಹೊಂದುತ್ತದೆ. 2003ರ ವಿದ್ಯುತ್ ಕಾಯ್ದೆಯ 56(2)ನೇ ಕಲಮಿನ ಪ್ರಕಾರ, ಮೊದಲು ಪಾವತಿಗೆ ಬಂದ ದಿನದಿಂದ ಎರಡು ವರ್ಷ ಕಳೆದ ಬಾಕಿಯನ್ನು, ಅದನ್ನು ಬಿಲ್ಲುಗಳಲ್ಲಿ ನಿರಂತರವಾಗಿ ಬಾಕಿಯೆಂದು ತೋರಿಸುತ್ತ ಬಂದಿರದಿದ್ದರೆ, ಆ ಕಲಮಿನಡಿ ವಸೂಲು ಮಾಡುವಂತಿಲ್ಲ, ಅದಕ್ಕಾಗಿ ಸಂಪರ್ಕವನ್ನೂ ಕಡಿಯುವಂತಿಲ್ಲ. ಬಾಕಿ ತೋರಿಸಿಲ್ಲವೆಂದು ವಾದಿಸಲು ನಮ್ಮ ಬಳಿ ಬಿಲ್ಲುಗಳಿರಬೇಕು, ಆದ್ದರಿಂದ ಒಂದು ವರ್ಷ ಸೇರಿಸಿ ಮೂರು ವರ್ಷದ ಬಿಲ್ಲು ಇಡುವುದು ವಿವೇಕ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವವರು ಅದನ್ನು ನೋಡದೆಯೇ ಬಿಸಾಡುತ್ತಾರೆ. ಬಳಕೆಯ ಯೂನಿಟ್ಟುಗಳು ಅದರಲ್ಲಿಯೇ ದಾಖಲಾಗಿರುತ್ತವೆ, ಹಳೆಯ ಬಾಕಿ ಇದ್ದರೆ ಅದೂ ಅಲ್ಲಿಯೇ ಕಾಣುತ್ತದೆ. ಮೀಟರು ಬದಲಾಯಿಸಿದ ತಿಂಗಳ ಬಿಲ್ಲನ್ನು, ಹಳೆಯ ಮೀಟರಿನ ಕೊನೆಯ ರೀಡಿಂಗ್ ಬರೆದುಕೊಟ್ಟ ಚೀಟಿಯ ಸಮೇತ, ಬೇರೆಯಾಗಿ ತೆಗೆದಿಡಿ, ಏಕೆಂದರೆ ತಕರಾರು ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.

ಠೇವಣಿಯ ರಸೀದಿಗೆ ಈ ಗಡುವು ಅನ್ವಯಿಸುವುದಿಲ್ಲ. ವಿದ್ಯುತ್ ಸಂಪರ್ಕಕ್ಕೆ ಕಟ್ಟಿದ ಭದ್ರತಾ ಠೇವಣಿ, ನೀರಿನ ಸಂಪರ್ಕದ ಶುಲ್ಕ, ಗ್ಯಾಸ್ ಏಜೆನ್ಸಿ ಕೊಟ್ಟ ಸಬ್‌ಸ್ಕ್ರಿಪ್ಷನ್ ವೋಚರ್ ಇವು ಸಂಪರ್ಕವನ್ನು ಒಪ್ಪಿಸಿ ಹಣ ವಾಪಸು ಪಡೆಯುವ ದಿನದವರೆಗೂ ಬೇಕು. ಮನೆ ಕೊಳ್ಳುವವರು ಮಾರುವವರಿಂದ ಕೊನೆಯ ಕರೆಂಟು ಮತ್ತು ನೀರಿನ ಬಿಲ್ಲುಗಳನ್ನು ಪಾವತಿ ರಸೀದಿಯೊಂದಿಗೆ ಕೇಳಿ ಪಡೆಯಬೇಕು. ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ಹೊಸ ಮಾಲೀಕರಿಂದಲೂ ಕೇಳಬಹುದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ನೀಡಿದೆ. ಮೊಬೈಲು, ಇಂಟರ್ನೆಟ್, ಪತ್ರಿಕೆ, ಹಾಲು ಇವುಗಳ ಬಿಲ್ಲು ಮುಂದಿನ ತಿಂಗಳ ಬಿಲ್ಲಿನಲ್ಲಿ ಪಾವತಿ ಜಮೆಯಾದದ್ದು ಕಂಡ ಕೂಡಲೇ ಹೋಗಬಹುದು.

ಬ್ಯಾಂಕು, ವಿಮೆ, ವಾಹನ, ಭವಿಷ್ಯನಿಧಿ

ಬ್ಯಾಂಕುಗಳು ಗ್ರಾಹಕರ ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಡಬೇಕೆಂದು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹಳೆಯದನ್ನು ಕೇಳಿದರೆ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಇಡೀ ಖಾತೆಯ ವಿವರವನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಂಡು ತೆರಿಗೆಯ ಫೈಲಿಗೆ ಸೇರಿಸುವುದು ಉತ್ತಮ ಅಭ್ಯಾಸ. ಎಟಿಎಂ ಚೀಟಿ, ಹಣ ಕಟ್ಟಿದ ಚಲನ್ ಪಾಸ್‌ಬುಕ್ಕಿನಲ್ಲಿ ನಮೂದಾದ ಮೇಲೆ ಬೇಡ.

ಆರೋಗ್ಯ ವಿಮೆಯ ಹಳೆಯ ಪಾಲಿಸಿಗಳನ್ನು ನವೀಕರಣವಾದ ಕೂಡಲೇ ಎಸೆಯಬಾರದು. ಸತತ 60 ತಿಂಗಳು ವಿಮೆ ಇದ್ದರೆ, ಹಳೆಯ ಕಾಯಿಲೆಯನ್ನು ತಿಳಿಸಿಲ್ಲವೆಂಬ ಕಾರಣಕ್ಕೆ, ವಂಚನೆ ಸಾಬೀತಾದ ಹೊರತು, ಕಂಪನಿ ಕ್ಲೇಮನ್ನು ನಿರಾಕರಿಸುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಿಗದಿ ಮಾಡಿದೆ. ಮೊದಲು ಇದು 8 ವರ್ಷವಿತ್ತು. ಸತತವೆಂಬುದಕ್ಕೆ ಪುರಾವೆ ಆ ಹಳೆಯ ಪಾಲಿಸಿಗಳ ಸರಣಿ, ಅದರಲ್ಲೂ ಕಂಪನಿ ಬದಲಾಯಿಸಿದವರಿಗೆ. ಜೀವವಿಮೆಯ ಬಾಂಡನ್ನು ಹಣ ಕೈಸೇರುವವರೆಗೂ ಇಡಬೇಕು.

ವಾಹನ ಮಾರಿದ ಮೇಲೆ ಮಾರಾಟದ ಪತ್ರ, ಮಾಲೀಕತ್ವ ವರ್ಗಾವಣೆಯನ್ನು ತಿಳಿಸುವ ಫಾರಂ 29ರ ಪ್ರತಿ ಇವನ್ನು ನೋಂದಣಿ ಕೊಂಡವರ ಹೆಸರಿಗೆ ವರ್ಗವಾದದ್ದನ್ನು ನೋಡುವವರೆಗೂ ಬಿಡಬೇಡಿ. ಅಪಘಾತದ ಪರಿಹಾರದ ಪ್ರಕರಣದಲ್ಲಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಸಂಬಳದ ಚೀಟಿ ಮತ್ತು ಭವಿಷ್ಯನಿಧಿಯ ಕಾಗದಗಳ ವಿಷಯದಲ್ಲಿ ನಾನು ಎಲ್ಲರಿಗಿಂತ ಜಿಪುಣ. ಹೆಚ್ಚಿನ ಪಿಂಚಣಿಯ ಬಗ್ಗೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಪೂರ್ಣ ಸಂಬಳದ ಮೇಲೆ ವಂತಿಗೆ ಕಟ್ಟಿದ್ದಕ್ಕೆ ಪುರಾವೆ ಒದಗಿಸಲು ನೌಕರರು ಮತ್ತು ನಿವೃತ್ತರು ಹಲವು ವರ್ಷ ಹಿಂದಿನ ದಾಖಲೆಗಳನ್ನು ಹುಡುಕಬೇಕಾಯಿತು. 2014ರಲ್ಲಿ ಯುಎಎನ್ (ಕೆಲಸ ಬದಲಾದರೂ ಬದಲಾಗದ ಭವಿಷ್ಯನಿಧಿ ಸದಸ್ಯತ್ವದ ಸಂಖ್ಯೆ) ಬರುವ ಮುಂಚಿನ ಕೆಲಸಗಳ ನೇಮಕಾತಿ ಪತ್ರ, ಬಿಡುಗಡೆ ಪತ್ರ, ವಾರ್ಷಿಕ ವಂತಿಗೆ ಚೀಟಿಗಳನ್ನು ಪಿಂಚಣಿ ಶುರುವಾಗಿ ಮೊತ್ತ ಸರಿಯಿದೆಯೆಂದು ಖಾತ್ರಿಯಾಗುವವರೆಗೆ ಇಡಬೇಕು. ಇತ್ತೀಚಿನ ಸಂಬಳದ ಚೀಟಿಗಳು ಫಾರಂ 16ರೊಂದಿಗೆ ತಾಳೆಯಾದ ಮೇಲೆ ಪಿಡಿಎಫ್ ಆಗಿದ್ದರೆ ಸಾಕು.

ಒಡವೆಯ ಬಿಲ್ಲು ಒಡವೆ ಇರುವಷ್ಟು ಕಾಲ. ಆದಾಯ ತೆರಿಗೆ ಇಲಾಖೆಯ ಶೋಧದ ಸಮಯದಲ್ಲಿ ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷನಿಗೆ 100 ಗ್ರಾಂ ಒಡವೆಯನ್ನು ಜಪ್ತಿ ಮಾಡಬಾರದೆಂದು 1994ರ ಮೇ 11ರ ಸುತ್ತೋಲೆ ಹೇಳುತ್ತದೆ. ಅದಕ್ಕಿಂತ ಹೆಚ್ಚಿದ್ದಕ್ಕೆ ಬಿಲ್ಲು, ಉಯಿಲು, ಉಡುಗೊರೆಯ ದಾಖಲೆ ಇವು ಆಧಾರ. ಫ್ರಿಜ್ಜು, ಮಿಕ್ಸಿ, ಟೀವಿಯ ಬಿಲ್ಲಿಗೆ ವಾರಂಟಿ ಮುಗಿದು ಎರಡು ವರ್ಷ ಸಾಕು, ಏಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವು.

ಮನೆಯಲ್ಲಿ ಸಾವಾದಾಗ

ಹನ್ನೊಂದು, ಹದಿಮೂರರ ಕಾರ್ಯ ಮುಗಿದು ತೀರಿಕೊಂಡವರ ಕೋಣೆ ತೆರವು ಮಾಡುವಾಗ ಕಾಗದದ ಒಂದು ಚೂರನ್ನೂ ಎಸೆಯಬಾರದು. ಅವರ ತೆರಿಗೆಯ ಹೊಣೆ, ಅವರಿಂದ ಬಂದ ಆಸ್ತಿಯ ಮಟ್ಟಿಗೆ, ವಾರಸುದಾರರಿಗೆ ಬರುತ್ತದೆ. ಆದ್ದರಿಂದ ಎಂಟು ವರ್ಷದ ಲೆಕ್ಕ ಅವರ ಫೈಲುಗಳಿಗೂ ಅನ್ವಯಿಸುತ್ತದೆ. ಹತ್ತು ವರ್ಷ ಯಾರೂ ಕೇಳದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಏಳು ವರ್ಷ ಕೇಳದ ಲಾಭಾಂಶ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತದೆ. ಎರಡರಿಂದಲೂ ವಾರಸುದಾರರು ವಾಪಸು ಪಡೆಯಬಹುದು, 2023ರಲ್ಲಿ ಶುರುವಾದ ಉದ್ಗಮ್ ಜಾಲತಾಣದಲ್ಲಿ ಹಲವು ಬ್ಯಾಂಕುಗಳ ಇಂಥ ಠೇವಣಿಗಳನ್ನು ಹುಡುಕಲೂಬಹುದು. ಆದರೆ ಎಲ್ಲಿ ಖಾತೆಯಿತ್ತೆಂಬ ಸುಳಿವು ಕೊಡುವುದು ಹೆಚ್ಚಾಗಿ ಒಂದು ಹಳೆಯ ಪಾಸ್‌ಬುಕ್ಕು. ಪೌತಿ ಖಾತೆ, ವಂಶವೃಕ್ಷ, ಮರಣ ಪ್ರಮಾಣಪತ್ರ ಆಸ್ತಿಯ ಶಾಶ್ವತ ಕಟ್ಟಿಗೆ ಸೇರಲಿ.

ಇಡುವ ರೀತಿ, ತೆಗೆಯುವ ರೀತಿ

ಡಿಜಿಲಾಕರಿನಲ್ಲಿ ಇಲಾಖೆಯೇ ನೇರವಾಗಿ ನೀಡಿದ ದಾಖಲೆಗೆ 2016ರ ನಿಯಮಗಳ ಪ್ರಕಾರ ಮೂಲದಷ್ಟೇ ಮಾನ್ಯತೆಯಿದೆ. ನಾವೇ ಫೋಟೋ ತೆಗೆದು ಏರಿಸಿದ ಪ್ರತಿಗೆ ಆ ಮಾನ್ಯತೆಯಿಲ್ಲ. ಅದು ನೆನಪಿಗೆ ಮಾತ್ರ. ಆದ್ದರಿಂದ ಸ್ಕ್ಯಾನ್ ಮಾಡಿ ಮೂಲವನ್ನು ಎಸೆಯುವುದು ಬಿಲ್ಲುಗಳಿಗೆ ಸರಿ, ಮುದ್ರಾಂಕ ಕಾಗದಕ್ಕೆ, ಉಯಿಲಿಗೆ, ಸಹಿಯ ಪ್ರಶ್ನೆ ಏಳಬಹುದಾದ ಯಾವುದಕ್ಕೂ ಸರಿಯಲ್ಲ. ಅಂಗಡಿಯ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸುತ್ತದೆ, ಬಿಸಿ ಲ್ಯಾಮಿನೇಶನ್ ಮಾಡಿಸಿದರೆ ಪೂರ್ತಿ ಕಪ್ಪಾಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ. ಕ್ರಯಪತ್ರಕ್ಕೂ ಲ್ಯಾಮಿನೇಶನ್ ಬೇಡ, ಮುದ್ರೆ ಮತ್ತು ಸಹಿಯನ್ನು ಪರೀಕ್ಷಿಸಲು ಅದು ಅಡ್ಡಿಯಾಗುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಗೋಡೆಗೆ ತಾಗಿದ ಮರದ ಕಪಾಟಿನಲ್ಲಿ ಪತ್ರಗಳನ್ನಿಟ್ಟರೆ ಒಂದು ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ. ನೆಲದಿಂದ ಎತ್ತರಿಸಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ದೀಪಾವಳಿಯ ಹೊತ್ತಿಗೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹರಡಬೇಕು. ಪಿನ್ನು, ಕ್ಲಿಪ್ಪು ತುಕ್ಕು ಹಿಡಿದು ಕಾಗದವನ್ನು ತಿನ್ನುವುದರಿಂದ ಹತ್ತಿಯ ದಾರ ಅಥವಾ ಟ್ಯಾಗು ಮೇಲು.

ವಿಂಗಡಣೆಗೆ ವರ್ಷಕ್ಕೊಂದು ದಿನ ಸಾಕು. ರಿಟರ್ನು ಸಲ್ಲಿಸಿದ ವಾರವೇ ಸೂಕ್ತ, ಏಕೆಂದರೆ ಆಗ ಎಲ್ಲ ಕಾಗದಗಳೂ ಹೇಗೂ ಹೊರಗಿರುತ್ತವೆ. ಹೊಸ ವರ್ಷದ ಫೈಲು ಒಳಗೆ ಹೋಗುವಾಗ ಎಂಟು ವರ್ಷ ದಾಟಿದ ಫೈಲು ಹೊರಗೆ ಬರಲಿ, ಅದರಲ್ಲಿ ಆಸ್ತಿ, ಒಡವೆ, ಷೇರು, ಪಿಂಚಣಿಗೆ ಸೇರಿದ ಹಾಳೆಯೇನಾದರೂ ಸಿಕ್ಕಿಕೊಂಡಿದೆಯೇ ಎಂದು ತಿರುವಿ ನೋಡಿ. ಫೈಲಿನ ಬೆನ್ನಿನ ಮೇಲೆ ಅದನ್ನು ತೆಗೆಯಬೇಕಾದ ವರ್ಷವನ್ನು ಮೊದಲೇ ಬರೆದಿಟ್ಟರೆ ಈ ಕೆಲಸವನ್ನು ಮನೆಯ ಯಾರಾದರೂ ಮಾಡಬಹುದು.

ಹೊರಬಂದದ್ದನ್ನು ಹಾಗೆಯೇ ರದ್ದಿ ಅಂಗಡಿಗೆ ಹಾಕಬಾರದು. ಆಧಾರ್ ಪ್ರತಿ, ಪ್ಯಾನ್ ಸಂಖ್ಯೆ, ಖಾತೆ ಸಂಖ್ಯೆ, ಸಹಿ ಇರುವ ಹಾಳೆ ಕಡಲೆಕಾಯಿಯ ಪೊಟ್ಟಣವಾಗಿ ಯಾರ ಕೈಗೆ ಹೋಗುತ್ತದೋ ಹೇಳಲಾಗದು. ಅಂಥ ಹಾಳೆಗಳನ್ನು ಸಂಖ್ಯೆ ಮತ್ತು ಸಹಿ ತುಂಡಾಗುವಂತೆ ಹರಿದು, ಒಂದು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಲಸಿ ಮುದ್ದೆ ಮಾಡಿ ಕಸಕ್ಕೆ ಹಾಕಬಹುದು. ಮುಚ್ಚಿದ ಖಾತೆಯ ಚೆಕ್ ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಬ್ಯಾಂಕಿಗೆ ಹಿಂದಿರುಗಿಸಬೇಕು, ಇಲ್ಲವೇ ಪ್ರತಿಯೊಂದರ ಮೇಲೂ ರದ್ದು ಎಂದು ಬರೆದು ಕತ್ತರಿಸಬೇಕು. ಅವಧಿ ಮುಗಿದ ಕಾರ್ಡನ್ನು ಚಿಪ್ಪು ಮತ್ತು ಕಪ್ಪು ಪಟ್ಟಿ ಎರಡೂ ತುಂಡಾಗುವಂತೆ ಅಡ್ಡಡ್ಡ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ದಿನದ ಕಸಕ್ಕೆ ಹಾಕಬೇಕು.